ಮಂಗಳೂರಿನ ಅಲೋಶಿಯಸ್ ಚಾಪೆಲ್: ನೋಡಲು ಹೊರಡುವ ಮುನ್ನ

ಮಂಗಳೂರು ನೋಡಲು ಬರುವವರ ಒಂದು ದಿನದ ಪಟ್ಟಿಯಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಸಾಮಾನ್ಯವಾಗಿ ಕದ್ರಿ ದೇವಸ್ಥಾನಕ್ಕೂ ಪಣಂಬೂರಿನ ಕಡಲತೀರಕ್ಕೂ ನಡುವೆ ಸಿಕ್ಕಿಕೊಂಡಿರುತ್ತದೆ. ಬಾಡಿಗೆ ವಾಹನದ ಚಾಲಕರು ಅದಕ್ಕೆ ಅರ್ಧ ಗಂಟೆ ಕೊಡುತ್ತಾರೆ. ಜನ ಒಳಗೆ ಹೋಗಿ, ತಲೆಯೆತ್ತಿ, ಬೆರಗಾಗಿ, ಹತ್ತು ನಿಮಿಷದಲ್ಲಿ ಹೊರಗೆ ಬರುತ್ತಾರೆ. ಆ ಬೆರಗು ನಿಜವಾದದ್ದೇ. ಆದರೆ ಈ ಚಾಪೆಲ್ಲಿನ ಚಿತ್ರಗಳು ಒಂದೇ ನೋಟದಲ್ಲಿ ಕಣ್ಣು ತುಂಬಿಸಲೆಂದು ಬರೆದವುಗಳಲ್ಲ. ದಿನವೂ ಅದೇ ಬೆಂಚುಗಳ ಮೇಲೆ ಬಂದು ಕೂರುವ ವಿದ್ಯಾರ್ಥಿಗಳು ವರ್ಷಗಟ್ಟಲೆ ಓದಿಕೊಳ್ಳಲಿ ಎಂದು, ಒಂದು ಕ್ರಮದಲ್ಲಿ, ಒಂದು ಕಥೆಯ ಹಿಂದೆ ಇನ್ನೊಂದು ಕಥೆಯನ್ನಿಟ್ಟು ಅವುಗಳನ್ನು ರಚಿಸಲಾಗಿದೆ. ಆದ್ದರಿಂದ ಇಲ್ಲಿಗೆ ಹೋಗುವವರು ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ ವಾಹನದ್ದೂ ಅಲ್ಲ, ವಸತಿಯದ್ದೂ ಅಲ್ಲ. ಆ ಕಥೆಗಳದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರವಾಸಿ ಕೈಪಿಡಿಗಳು ಈ ಚಾಪೆಲ್ಲನ್ನು ರೋಮಿನ ಸಿಸ್ಟೀನ್ ಚಾಪೆಲ್ಲಿಗೆ ಹೋಲಿಸುತ್ತವೆ. ಹೋಲಿಕೆಯ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅದು ನೋಡುಗರಿಗೆ ಉಪಕಾರ ಮಾಡುವುದಿಲ್ಲ. ಮೈಕೆಲೆಂಜೆಲೊ 1508ರಿಂದ 1512ರವರೆಗೆ ಪೋಪರ ಚಾಪೆಲ್ಲಿನ ಮೇಲ್ಛಾವಣಿಯಲ್ಲಿ ಮಾಡಿದ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ಇಲ್ಲಿ ಅದರ ಕಿರುರೂಪವನ್ನು ಹುಡುಕುತ್ತಾರೆ. ಇಲ್ಲಿರುವುದು ಬೇರೆಯದೇ ಕಾಲದ, ಬೇರೆಯದೇ ಉದ್ದೇಶದ ಕೆಲಸ: ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಕರಾವಳಿಯ ಒಂದು ಗುಡ್ಡದ ಮೇಲಿನ ಶಾಲೆಯ ಪ್ರಾರ್ಥನಾ ಮಂದಿರವನ್ನು ಕಥೋಲಿಕ ಸನ್ಯಾಸಿಗಳ ಸಂಘವಾದ ಯೇಸು ಸಭೆಯ (ಜೆಸ್ಯೂಟ್) ಒಬ್ಬ ಬ್ರದರ್ ಗೋಡೆಯಿಂದ ಗೋಡೆಗೆ, ನೆತ್ತಿಯಿಂದ ಕಮಾನಿಗೆ ಚಿತ್ರಗಳಿಂದ ತುಂಬಿದ್ದು. ಅದನ್ನು ಅದರದೇ ಅಳತೆಗೋಲಿನಿಂದ ನೋಡಿದರೆ ಅದರ ಹಿರಿಮೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಉನ್ನತ ವಿದ್ಯಾಭ್ಯಾಸಕ್ಕೆ ಒಂದು ಸಂಸ್ಥೆ ಬೇಕೆಂದು ಮಂಗಳೂರಿನ ಕಥೋಲಿಕರು ರೋಮಿಗೆ ಮನವಿ ಮಾಡಿಕೊಂಡಿದ್ದರ ಫಲವಾಗಿ ಇಟಲಿಯ ವೆನಿಸ್ ಪ್ರಾಂತ್ಯದ ಯೇಸು ಸಭೆಯ ಗುರುಗಳು 1878ರ ಡಿಸೆಂಬರ್ ಕೊನೆಯ ದಿನ ಇಲ್ಲಿಗೆ ಬಂದಿಳಿದರು. 1880ರಲ್ಲಿ ಕಾಲೇಜು ಆರಂಭವಾಯಿತು. ಅದೇ ದಶಕದಲ್ಲಿ ಗುಡ್ಡದ ಮೇಲೆ ಕಾಲೇಜಿನ ಕಟ್ಟಡವೂ ಚಾಪೆಲ್ಲೂ ಎದ್ದವು. ಚಾಪೆಲ್ಲಿನ ಒಳಗೋಡೆಗಳು ಇನ್ನೂ ಹಲವು ವರ್ಷ ಬರಿದಾಗಿಯೇ ಇದ್ದವು. ಅವುಗಳಿಗೆ ಬಣ್ಣ ಬಂದದ್ದು ಆಂಟೋನಿಯೊ ಮೊಸ್ಕೆನಿ ಬಂದ ಮೇಲೆ. ಅವರು ಉತ್ತರ ಇಟಲಿಯ ಬೆರ್ಗಾಮೊ ಬಳಿಯ ಸ್ಟೆಜ್ಜಾನೊ ಎಂಬ ಊರಿನಲ್ಲಿ 1854ರಲ್ಲಿ ಹುಟ್ಟಿದವರು, ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತವರು. ಕಲಾವಿದರಾಗಿ ನೆಲೆಗೊಂಡ ಮೇಲೆ, ಮೂವತ್ತರ ನಡುವಯಸ್ಸಿನಲ್ಲಿ, 1889ರಲ್ಲಿ ಯೇಸು ಸಭೆಯನ್ನು ಸೇರಿದರು. ಗುರುದೀಕ್ಷೆ ಪಡೆಯದೆ ಬ್ರದರ್ ಆಗಿಯೇ ಉಳಿದು, ಕಲಿತ ಕಸುಬನ್ನೇ ಸಭೆಯ ಸೇವೆಗೆ ಒಪ್ಪಿಸಿದರು. ಮಂಗಳೂರಿನ ಚಿತ್ರಗಳು 1899ರಿಂದ 1901ರ ನಡುವಿನವು.

ಚಿತ್ರಗಳನ್ನು ಎರಡು ವಿಧಾನಗಳಲ್ಲಿ ಮಾಡಲಾಗಿದೆ ಎಂಬುದನ್ನು ಮೊದಲೇ ತಿಳಿದಿದ್ದರೆ ನೋಡುವ ಕಣ್ಣು ಬದಲಾಗುತ್ತದೆ. ಗೋಡೆಗಳ ಮೇಲೆ ಹೆಚ್ಚಿನ ಭಾಗ ಫ್ರೆಸ್ಕೊ, ಅಂದರೆ ಇನ್ನೂ ಹಸಿಯಾಗಿರುವ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುವ ಕ್ರಮ. ಉಳಿದದ್ದು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಫ್ರೆಸ್ಕೊದಲ್ಲಿ ಬಣ್ಣಕ್ಕೆ ಅಂಟು ಬೆರೆಸುವುದಿಲ್ಲ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಿನಂತೆ ಗಟ್ಟಿಯಾಗುವಾಗ ಬಣ್ಣದ ಕಣಗಳು ಅದರೊಳಗೇ ಹಿಡಿದುಕೊಳ್ಳುತ್ತವೆ, ಹೀಗಾಗಿ ಬಣ್ಣವೇ ಗೋಡೆಯ ಭಾಗವಾಗುತ್ತದೆ. ಇದಕ್ಕೆ ಚಿತ್ರಕಾರ ತೆರಬೇಕಾದ ಬೆಲೆಯೂ ದೊಡ್ಡದು. ಒಂದು ದಿನದಲ್ಲಿ ಬರೆದು ಮುಗಿಸಬಹುದಾದಷ್ಟೇ ಜಾಗಕ್ಕೆ ಗಾರೆ ಬಳಿಯಬೇಕು, ಅದು ಒಣಗುವ ಮೊದಲು ಕೈ ಮುಗಿಸಬೇಕು, ತಪ್ಪಾದರೆ ಗಾರೆಯನ್ನೇ ಕೆತ್ತಿ ತೆಗೆದು ಮತ್ತೆ ಹಾಕಬೇಕು. ಸುಣ್ಣದ ಕ್ಷಾರಕ್ಕೆ ಕೆಡದ ಬಣ್ಣಗಳು ಮಾತ್ರ ಇದಕ್ಕೆ ಒಗ್ಗುವುದರಿಂದ ಮಣ್ಣಿನಿಂದ ಬಂದ ಕೆಂಪು, ಹಳದಿ, ಕಂದು ಬಣ್ಣಗಳೇ ಮುಖ್ಯವಾಗುತ್ತವೆ. ಸುಮಾರು ಆರುನೂರು ಚದರ ಮೀಟರಿನಷ್ಟು ಫ್ರೆಸ್ಕೊವನ್ನು ಎರಡು ಎರಡೂವರೆ ವರ್ಷಗಳಲ್ಲಿ ಮಾಡಿ ಮುಗಿಸಿದ್ದು ಎಂಥ ದುಡಿಮೆ ಎಂಬುದು ಈ ವಿಧಾನ ಗೊತ್ತಿದ್ದವರಿಗೆ ಮಾತ್ರ ಅರಿವಾಗುತ್ತದೆ. ಇಟಲಿಯ ಗೋಡೆಗಳಿಗೆ ಹುಟ್ಟಿದ ಈ ವಿಧಾನವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುವ ಊರಿನಲ್ಲಿ ಕೈಗೊಂಡದ್ದನ್ನೂ ಇದಕ್ಕೆ ಸೇರಿಸಿ ನೋಡಬೇಕು.

ಇನ್ನು ಕಥೆಗಳ ವಿಷಯ. ಮೇಲ್ಛಾವಣಿಯ ನಡುಸಾಲಿನಲ್ಲಿ ಇರುವುದು ಚಾಪೆಲ್ಲಿಗೆ ಹೆಸರು ಕೊಟ್ಟ ಅಲೋಶಿಯಸ್ ಗೊಂಜಾಗನ ಜೀವನ. ಕ್ರೈಸ್ತ ಮನೆತನದಲ್ಲಿ ಬೆಳೆಯದ ಕನ್ನಡಿಗರಿಗೆ ಯೇಸುವಿನ ಜನನವೂ ಶಿಲುಬೆಯೂ ಪರಿಚಿತ. ಗೊಂಜಾಗನ ಕಥೆ ಗೊತ್ತಿರುವುದಿಲ್ಲ, ಹಾಗಾಗಿ ತಲೆಯ ಮೇಲಿರುವ ಮುಖ್ಯ ಕಥಾನಕವೇ ಅವರಿಗೆ ಬರೀ ಬಣ್ಣಬಣ್ಣದ ಉಡುಪು ತೊಟ್ಟ ಜನರ ಗುಂಪಾಗಿ ಕಾಣುತ್ತದೆ. ಕಥೆ ದೊಡ್ಡದಲ್ಲ. ಉತ್ತರ ಇಟಲಿಯ ಕಾಸ್ತಿಲ್ಯೋನೆಯ ಪಾಳೆಯಗಾರ ಮನೆತನದಲ್ಲಿ 1568ರಲ್ಲಿ ಹಿರಿಯ ಮಗನಾಗಿ ಹುಟ್ಟಿದವನು ಅಲೋಶಿಯಸ್. ಮಗ ಸೇನಾನಿಯಾಗಬೇಕೆಂದು ತಂದೆಗೆ ಆಸೆ. ಎಳೆಯ ವಯಸ್ಸಿನಲ್ಲೇ ಅವನನ್ನು ಸೈನಿಕರ ಬೀಡಿಗೆ ಕರೆದೊಯ್ದಿದ್ದ. ಹುಡುಗನ ಮನಸ್ಸು ಹರಿದದ್ದು ಪ್ರಾರ್ಥನೆಯ ಕಡೆಗೆ. ಮಿಲಾನಿನ ಕಾರ್ಡಿನಲ್ ಚಾರ್ಲ್ಸ್ ಬೊರೋಮಿಯೊ ಅವರ ಕೈಯಿಂದ ಮೊದಲ ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು, ಸ್ವೀಕರಿಸಿದ. ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನ ಆಸ್ಥಾನದಲ್ಲಿ ಕೆಲಕಾಲ ಬೆಳೆದ. ತಂದೆಯ ತೀವ್ರ ವಿರೋಧದ ನಡುವೆಯೂ ಹಿರಿಯ ಮಗನ ಹಕ್ಕುಗಳನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟು 1585ರಲ್ಲಿ ರೋಮಿನಲ್ಲಿ ಯೇಸು ಸಭೆಯನ್ನು ಸೇರಿದ. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ಹಬ್ಬಿದಾಗ ಬೀದಿಯಲ್ಲಿ ಬಿದ್ದ ರೋಗಿಗಳನ್ನು ಆಸ್ಪತ್ರೆಗೆ ಹೊತ್ತು ತಂದು ಆರೈಕೆ ಮಾಡುತ್ತ, ಅದೇ ಸೋಂಕಿನಿಂದ ಆ ವರ್ಷದ ಜೂನ್ 21ರಂದು, ಇಪ್ಪತ್ಮೂರನೆಯ ವಯಸ್ಸಿನಲ್ಲಿ ತೀರಿಕೊಂಡ. 1726ರಲ್ಲಿ ಸಂತ ಪದವಿಗೇರಿಸಲ್ಪಟ್ಟ ಅವನನ್ನು ಕಥೋಲಿಕ ಸಭೆ ಯುವಜನರ, ವಿದ್ಯಾರ್ಥಿಗಳ ಪಾಲಕ ಸಂತನೆಂದು ಗೌರವಿಸುತ್ತದೆ.

ಇಷ್ಟನ್ನು ತಿಳಿದು ಒಳಗೆ ಹೋದರೆ ಬಲಿಪೀಠದ, ಅಂದರೆ ಮುಂಭಾಗದ ಪೂಜಾವೇದಿಕೆಯ, ಗೋಡೆಯಲ್ಲಿ ರೋಗಿಗಳ ಸೇವೆಯ ಚಿತ್ರ ಏಕಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅರಮನೆಯನ್ನು ಬಿಟ್ಟು ಬಂದವನ ಕಥೆ ನಮ್ಮ ನೆಲದ ಓದುಗರಿಗೆ ಹೊಸದೂ ಅಲ್ಲ, ಪರಕೀಯವೂ ಅಲ್ಲ. ಆದರೆ ಮೊಸ್ಕೆನಿ ಇದನ್ನು ಯಾರ ಮುಂದೆ ಇಟ್ಟರು ಎಂಬುದು ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಓದಿ ಉದ್ಯೋಗ ಹಿಡಿದು ಮನೆತನವನ್ನು ಮೇಲಕ್ಕೆ ತರಲೆಂದು ತಂದೆತಾಯಿಯರು ಕಳುಹಿಸಿದ ಹುಡುಗರು ಪ್ರತಿದಿನ ತಲೆಯೆತ್ತಿದರೆ ಕಾಣುತ್ತಿದ್ದದ್ದು, ಸಿಕ್ಕ ಸ್ಥಾನವನ್ನು ಬಿಟ್ಟುಕೊಟ್ಟು ರೋಗಿಗಳ ನಡುವೆ ಪ್ರಾಣ ಕೊಟ್ಟ ಅವರದೇ ವಯಸ್ಸಿನವನ ಬದುಕು. ಚಿತ್ರಗಳ ಆಯ್ಕೆಯಲ್ಲಿ ಇರುವ ಈ ನೇರವಾದ ಮಾತನ್ನು ಕೇಳಿಸಿಕೊಳ್ಳದೆ ಬರೀ ಬಣ್ಣಗಳ ಸೊಗಸನ್ನು ಹೊಗಳಿ ಹೊರಬಂದರೆ ಚಾಪೆಲ್ಲಿನ ಅರ್ಧವನ್ನೂ ನೋಡಿದಂತಾಗುವುದಿಲ್ಲ.

ನಡುಸಾಲಿನ ಎರಡೂ ಬದಿಗೆ, ಛಾವಣಿಯ ಇಳಿಜಾರಿನಲ್ಲಿ, ಹೂಮಾಲೆಗಳ ಅಲಂಕಾರದ ನಡುವೆ ಯೇಸುವಿನ ಪ್ರೇಷಿತರು, ಅಂದರೆ ಅವನ ಆಪ್ತ ಶಿಷ್ಯರು, ಇದ್ದಾರೆ. ಪಕ್ಕದ ಗೋಡೆಗಳ ಮೇಲಿನ ಕಮಾನುಗಳಲ್ಲಿ ಯೇಸು ಸಭೆಯ ಸಂತರಿದ್ದಾರೆ. ಗೋಡೆಗಳಲ್ಲಿ ಯೇಸುವಿನ ಜೀವನದ ಪ್ರಸಂಗಗಳಿವೆ. ಹಿಂಬದಿಯ ಗೋಡೆಯಲ್ಲಿ ಮಕ್ಕಳನ್ನು ಬಳಿಗೆ ಕರೆದುಕೊಂಡ ಯೇಸುವಿದ್ದಾನೆ. ಹೆಚ್ಚಿನವರು ಬಾಗಿಲಿನಿಂದ ಬಲಿಪೀಠದ ಕಡೆಗೆ ನೋಡುತ್ತ ನಡೆದು ಹಾಗೆಯೇ ಹಿಂದಿರುಗುವುದರಿಂದ ಈ ಹಿಂಬದಿಯ ಚಿತ್ರ ಕಣ್ಣಿಗೆ ಬೀಳದೆ ಹೋಗುವುದುಂಟು. ಒಂದು ಶಾಲೆಯ ಚಾಪೆಲ್ಲಿನಲ್ಲಿ ಅದಕ್ಕಿಂತ ಸರಿಯಾಗಿ ಹೊಂದುವ ವಿಷಯ ಇನ್ನೊಂದಿಲ್ಲವಾದ್ದರಿಂದ, ಅದನ್ನು ಮರೆಯದೆ ನೋಡಬೇಕು.

ನೋಡುವ ಕ್ರಮದ ಬಗ್ಗೆ ನನ್ನ ಸಲಹೆ ಇದು. ಒಳಗೆ ಹೋದೊಡನೆ ನಡೆಯುತ್ತ ನೋಡಬೇಡಿ. ನಡುವಿನ ಯಾವುದಾದರೂ ಬೆಂಚಿನಲ್ಲಿ ಕುಳಿತುಕೊಳ್ಳಿ. ಈ ಚಿತ್ರಗಳು ಕುಳಿತವರ ಕಣ್ಣಿಗೆಂದೇ ಇರುವವು. ಮೊದಲು ಮೇಲ್ಛಾವಣಿಯ ನಡುಸಾಲು, ಆಮೇಲೆ ಇಳಿಜಾರು, ಕೊನೆಗೆ ಗೋಡೆಗಳು ಎಂದು ಒಂದೊಂದನ್ನೇ ಮುಗಿಸಿದರೆ ಕಣ್ಣೂ ದಣಿಯುವುದಿಲ್ಲ, ಕತ್ತೂ ನೋಯುವುದಿಲ್ಲ. ಚಿಕ್ಕದೊಂದು ದುರ್ಬೀನು ಜೊತೆಯಲ್ಲಿದ್ದರೆ ಬಹಳ ಪ್ರಯೋಜನ. ಎತ್ತರದಲ್ಲಿರುವ ಮುಖಗಳ ಭಾವವೂ ಕೈಗಳ ರೇಖೆಯೂ ಬರಿಗಣ್ಣಿಗೆ ಸಿಗುವುದು ಕಷ್ಟ. ಕುಂಚದ ಕೆಲಸ ಎಲ್ಲಿ ಮುಗಿಯುತ್ತದೆ, ಗಾರೆಯ ಕೆಲಸ ಎಲ್ಲಿ ಶುರುವಾಗುತ್ತದೆ ಎಂದು ಅಂಚುಪಟ್ಟಿಗಳನ್ನೂ ಚೌಕಟ್ಟುಗಳನ್ನೂ ಗಮನವಿಟ್ಟು ನೋಡುವುದು ಮಕ್ಕಳಿಗೂ ಹಿಡಿಸುತ್ತದೆ. ಇದಕ್ಕೆಲ್ಲ ಒಂದು ಗಂಟೆಗಿಂತ ಕಡಿಮೆ ಸಾಲದು. ಒಂದೂವರೆ ಗಂಟೆ ಇಟ್ಟುಕೊಂಡರೆ ಆತುರವಿರುವುದಿಲ್ಲ.

ಒಳಗೆ ಛಾಯಾಚಿತ್ರ ತೆಗೆಯಲು ಅವಕಾಶವಿಲ್ಲ. ಇದನ್ನು ಕೊರತೆಯೆಂದು ದೂರುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೊಬೈಲು ಎತ್ತಿ ಹಿಡಿದ ಕೈಗಳಿಲ್ಲದ ಕಾರಣಕ್ಕೇ ಇಲ್ಲಿ ಇಂದಿಗೂ ಚಿತ್ರಗಳನ್ನು ಚಿತ್ರಗಳಾಗಿ ನೋಡಲು ಸಾಧ್ಯವಾಗಿದೆ, ಪ್ರಾರ್ಥನೆಗೆ ಬಂದವರಿಗೂ ನೆಮ್ಮದಿಯಿದೆ. ನೆನಪಿಗೆ ಏನಾದರೂ ಬೇಕೆನ್ನುವವರು ಚಿಕ್ಕ ಪುಸ್ತಕವೊಂದನ್ನು ಒಯ್ದು ಕಂಡದ್ದನ್ನು ಬರೆದುಕೊಳ್ಳುವುದು ಒಳ್ಳೆಯದು.

ಯಾವ ಕಾಲದಲ್ಲಿ ಹೋಗಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಕರಾವಳಿಯ ಸೊಬಗು ಬೇರೆಯೇ ಆದರೂ ದಟ್ಟ ಮೋಡದ ದಿನ ಒಳಗೆ ಬೆಳಕು ಮಂಕಾಗುತ್ತದೆ, ಮಣ್ಣಿನ ಬಣ್ಣಗಳು ತಮ್ಮ ಕಾವನ್ನು ಕಳೆದುಕೊಂಡಂತೆ ಕಾಣುತ್ತವೆ. ಒದ್ದೆ ಬಟ್ಟೆ, ಒದ್ದೆ ಕೊಡೆಗಳೊಂದಿಗೆ ಗುಂಪುಗುಂಪಾಗಿ ಒಳಗೆ ನುಗ್ಗುವುದು ಗೋಡೆಗಳಿಗೂ ಹಿತವಲ್ಲ. ತೇವವೇ ಈ ಚಿತ್ರಗಳ ದೊಡ್ಡ ಶತ್ರು. ಗೋಡೆಯೊಳಗೆ ನೀರು ಇಳಿದರೆ ಅದರೊಂದಿಗೆ ಲವಣಗಳು ಕರಗಿ ಮೇಲ್ಮೈಗೆ ಬಂದು, ಒಣಗುವಾಗ ಹರಳುಗಟ್ಟಿ ಬಣ್ಣದ ಪದರವನ್ನು ಒಳಗಿನಿಂದಲೇ ಎಬ್ಬಿಸುತ್ತವೆ. ಕ್ಯಾನ್ವಾಸಿಗೆ ಬೂಷ್ಟು ಹಿಡಿಯುತ್ತದೆ. 1991ರಿಂದ 1994ರವರೆಗೆ ಕಲೆ ಮತ್ತು ಸಾಂಸ್ಕೃತಿಕ ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಲಖನೌ ಕೇಂದ್ರದ ತಜ್ಞರು ಇಲ್ಲಿನ ಚಿತ್ರಗಳ ಸಂರಕ್ಷಣಾ ಕಾರ್ಯವನ್ನು ನಡೆಸಿದರು. ನಾವು ಇಂದು ನೋಡುತ್ತಿರುವ ಚಿತ್ರಗಳ ಹಿಂದೆ ಮೊಸ್ಕೆನಿಯವರ ಕೈಯೊಂದಿಗೆ ಆ ತಜ್ಞರ ತಾಳ್ಮೆಯೂ ಇದೆ. ಗೋಡೆಯನ್ನು ಮುಟ್ಟಬಾರದು, ಬೆನ್ನು ಕೊಟ್ಟು ಒರಗಬಾರದು ಎಂದು ಮಕ್ಕಳಿಗೆ ಹೊರಗೇ ಹೇಳಿ ಕರೆದೊಯ್ಯಬೇಕು, ಕಾರಣವನ್ನೂ ಹೇಳಬೇಕು.

ವಾರದ ದಿನ ಮತ್ತು ಹೊತ್ತನ್ನು ಆರಿಸುವಾಗ ಇದು ಸಂಗ್ರಹಾಲಯವಲ್ಲ, ಬಲಿಪೂಜೆ (ಕಥೋಲಿಕರ ಮುಖ್ಯ ಆರಾಧನೆ) ನಡೆಯುವ ಚಾಪೆಲ್ ಮತ್ತು ತರಗತಿಗಳು ನಡೆಯುವ ವಿದ್ಯಾಸಂಸ್ಥೆಯ ಆವರಣ ಎಂಬುದನ್ನು ನೆನಪಿಡಬೇಕು. 2024ರಲ್ಲಿ ಸಂಸ್ಥೆಗೆ ಸ್ವಾಯತ್ತ ವಿಶ್ವವಿದ್ಯಾಲಯಕ್ಕೆ ಸಮನಾದ, ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿದೆ. ಆವರಣದಲ್ಲಿ ದಿನವಿಡೀ ವಿದ್ಯಾರ್ಥಿಗಳ ಓಡಾಟವಿರುತ್ತದೆ. ಭಾನುವಾರ, ಹಬ್ಬದ ದಿನಗಳು, ಕ್ರಿಸ್ಮಸ್ಸಿನ ಮುನ್ನಾದಿನ, ಈಸ್ಟರಿಗೆ ಮುಂಚಿನ ಪವಿತ್ರ ವಾರ, ಜೂನ್ 21ರ ಸಂತನ ಹಬ್ಬ ಇವುಗಳಲ್ಲಿ ಪ್ರವಾಸಿಗರಾಗಿ ಹೋಗದಿರುವುದೇ ಲೇಸು. ಪ್ರಾರ್ಥನೆಗೆಂದು ಹೋಗುವವರ ಮಾತು ಬೇರೆ. ಬಾಗಿಲು ತೆರೆದಿರುವ ಸಮಯವನ್ನೂ ಪ್ರವೇಶದ ನಿಯಮಗಳನ್ನೂ ಹೊರಡುವ ಮುನ್ನ ಕಾಲೇಜಿನ ಕಚೇರಿಗೆ ಕರೆ ಮಾಡಿ ಕೇಳಿಕೊಳ್ಳುವುದು ಕ್ಷೇಮ, ಏಕೆಂದರೆ ಮದುವೆಯ ಆಚರಣೆಯೋ ಸಂಸ್ಥೆಯ ಕಾರ್ಯಕ್ರಮವೋ ಇದ್ದರೆ ದೂರದಿಂದ ಬಂದವರು ಹೊರಗೆ ಕಾಯಬೇಕಾದೀತು. ವಾರದ ನಡುವಿನ ಬೆಳಗಿನ ಹೊತ್ತು, ಪ್ರವಾಸಿ ಬಸ್ಸುಗಳು ಬರುವ ಮುಂಚೆ, ನನಗೆ ಎಲ್ಲಕ್ಕಿಂತ ಹಿಡಿಸಿದ ವೇಳೆ.

ಚರ್ಚಿನ ನಡೆವಳಿಕೆ ಪರಿಚಯವಿಲ್ಲದ ಕನ್ನಡಿಗರು ಒಳಗೆ ಹೋಗಲು ಸಂಕೋಚಪಡುವುದನ್ನು ಕಂಡಿದ್ದೇನೆ. ಸಂಕೋಚಕ್ಕೆ ಕಾರಣವಿಲ್ಲ; ಕೆಲವು ವಿಷಯಗಳನ್ನು ತಿಳಿದಿದ್ದರೆ ಸಾಕು. ಒಳಗೆ ಟೋಪಿ ತೆಗೆಯುವುದು, ಮೆಲುದನಿಯಲ್ಲಿ ಮಾತನಾಡುವುದು, ದೇವಸ್ಥಾನಕ್ಕೆ ಹೋಗುವಾಗ ಉಡುವಂಥ ಮೈ ಮುಚ್ಚುವ ಉಡುಪು ಧರಿಸುವುದು ರೂಢಿ. ಬಲಿಪೀಠದ ಸುತ್ತಲಿನ ಜಾಗ ಗರ್ಭಗುಡಿಯಷ್ಟೇ ಪವಿತ್ರವಾದದ್ದು, ಅಲ್ಲಿಗೆ ಮೆಟ್ಟಿಲೇರಿ ಹೋಗಬಾರದು. ನೀವು ಒಳಗಿರುವಾಗ ಬಲಿಪೂಜೆ ಆರಂಭವಾದರೆ ಎದ್ದು ಹೊರಡಲೇಬೇಕೆಂದಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು, ಎಲ್ಲರೂ ನಿಂತಾಗ ನಿಂತು, ಕುಳಿತಾಗ ಕುಳಿತರೆ ಸಾಕು. ಪರಮಪ್ರಸಾದ ವಿನಿಯೋಗದ ಸಾಲಿನಲ್ಲಿ ಮಾತ್ರ ನಿಲ್ಲಬಾರದು, ಅದು ಕಥೋಲಿಕ ದೀಕ್ಷೆ ಪಡೆದವರಿಗೆ ಮೀಸಲು. ನಮ್ಮ ಗುಡಿಗಳಲ್ಲಿ ಎಲ್ಲರಿಗೂ ಹಂಚುವ ಪ್ರಸಾದದಂತೆ ಅದನ್ನು ಭಾವಿಸಿ ಕೈಯೊಡ್ಡಿದರೆ ಅಲ್ಲಿನವರಿಗೆ ನೋವಾಗುತ್ತದೆ. ಪೂಜೆ ನಡೆಯುತ್ತಿರುವಾಗ ಚಿತ್ರ ನೋಡುತ್ತ ಓಡಾಡುವುದೂ ಸಲ್ಲದು.

ತಲುಪುವುದು ಸುಲಭ. ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಇಳಿದವರಿಗೆ ಹಂಪನಕಟ್ಟೆಯ ಮೂಲಕ ಆಟೋದಲ್ಲಿ ಕೆಲವೇ ನಿಮಿಷದ ದಾರಿ. ಕಂಕನಾಡಿಯ ಜಂಕ್ಷನ್ ನಿಲ್ದಾಣದಲ್ಲಿ ಇಳಿಯುವವರೂ ಬಿಜೈಯ ಸರ್ಕಾರಿ ಬಸ್ ನಿಲ್ದಾಣಕ್ಕೆ ಬರುವವರೂ ಇನ್ನು ಸ್ವಲ್ಪ ಹೆಚ್ಚು ಸಮಯ ಇಟ್ಟುಕೊಳ್ಳಬೇಕು. ಕಾಲೇಜು ಇರುವುದು ಬಾವುಟಗುಡ್ಡೆಯ ಪ್ರದೇಶದಲ್ಲಿ, ಅಂದರೆ ದಾರಿ ಏರುಮುಖ. ಮೊಣಕಾಲು ನೋವಿರುವ ಹಿರಿಯರನ್ನು ಕರೆದೊಯ್ಯುವವರು ಕೆಳಗಿನ ರಸ್ತೆಯಲ್ಲಿ ಇಳಿಸದೆ ಆಟೋವನ್ನು ಮೇಲಿನವರೆಗೆ ಕೊಂಡೊಯ್ಯಬೇಕು. ಬ್ರಿಟಿಷರ ವಿರುದ್ಧ ನಡೆದ 1837ರ ರೈತ ದಂಗೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪಡೆ ಬಾವುಟ ಹಾರಿಸಿದ ಗುಡ್ಡ ಇದು. ಅವರ ಪ್ರತಿಮೆಯೂ ಹಡಗುಗಳಿಗೆ ದಾರಿ ತೋರುತ್ತಿದ್ದ ಹಳೆಯ ದೀಪಸ್ತಂಭವೂ (ಲೈಟ್‌ಹೌಸ್) ಸಮೀಪದಲ್ಲೇ ಇವೆ. ಚಾಪೆಲ್ ನೋಡಿದ ಮೇಲೆ ಅಲ್ಲಿಗೆ ನಡೆದು ಹೋಗಬಹುದು.

ಕಾಲೇಜಿನಲ್ಲಿಯೇ ಅಲೋಶಿಯಂ ಎಂಬ ಸಂಗ್ರಹಾಲಯವೊಂದಿದೆ. 1913ರಲ್ಲಿ ಇಟಲಿಯ ಗುರುಗಳೊಬ್ಬರು ಖನಿಜಗಳ ಸಂಗ್ರಹದಿಂದ ಆರಂಭಿಸಿದ್ದು ಬೆಳೆದು ಊರಿನ ಹಲವು ಬಗೆಯ ಹಳೆಯ ವಸ್ತುಗಳನ್ನು ಒಳಗೊಂಡಿದೆ. ಮಂಗಳೂರಿಗೆ ಬಂದ ಮೊದಲ ಕಾರು ಅಲ್ಲಿದೆ. ಮಕ್ಕಳಿದ್ದರೆ ಖಂಡಿತ ಹೋಗಬೇಕು, ಆದರೆ ಚಾಪೆಲ್ಲಿನ ಸಮಯವನ್ನು ಕಡಿತಗೊಳಿಸಿ ಅಲ್ಲ.

ಅದೇ ದಿನ ಊರಿನ ಎಲ್ಲ ಇಗರ್ಜಿಗಳನ್ನೂ (ಚರ್ಚುಗಳನ್ನೂ) ನೋಡಿಬಿಡುವ ಯೋಜನೆಯನ್ನು ನಾನು ಒಪ್ಪುವುದಿಲ್ಲ. ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ ಮಾತ್ರ ನಡೆದು ಹೋಗುವಷ್ಟು ಹತ್ತಿರವಿದ್ದು, ಜೊತೆಗೆ ನೋಡಲು ತಕ್ಕದ್ದು. 1680ರಲ್ಲಿ ಸ್ಥಾಪನೆಯಾಗಿ, 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಕೆಡವಲ್ಪಟ್ಟು, ಕಥೋಲಿಕರು ಶ್ರೀರಂಗಪಟ್ಟಣದ ಸೆರೆಯಿಂದ ಮರಳಿದ ನಂತರ ಮತ್ತೆ ಎದ್ದು ನಿಂತ ಇಗರ್ಜಿ ಅದು. ಈಗಿನ ಕಟ್ಟಡ ಇಪ್ಪತ್ತನೆಯ ಶತಮಾನದ್ದು. ಕಾಲೇಜಿಗಾಗಿ ರೋಮಿಗೆ ಮನವಿ ಸಲ್ಲಿಸಿದ ಸಮುದಾಯ ಯಾವ ಸ್ಥಿತಿಯಿಂದ ಮೇಲೆದ್ದು ಬಂದಿತ್ತು ಎಂಬುದು ಅಲ್ಲಿಗೆ ಹೋದರೆ ಮನಸ್ಸಿಗೆ ಬರುತ್ತದೆ. ರೊಸಾರಿಯೊ ಕೆಥೆಡ್ರಲನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬಹುದು.

ಮೊಸ್ಕೆನಿಯವರ ಕೆಲಸ ಮನಸ್ಸಿಗೆ ಹಿಡಿಸಿದವರು ಮುಂದಿನ ಪ್ರವಾಸಕ್ಕೆ ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಜ್ ಬೆಸಿಲಿಕಾವನ್ನು ಆರಿಸಿಕೊಳ್ಳಲಿ. ಅವರು ಕೊನೆಯದಾಗಿ ಕೆಲಸ ಮಾಡಿದ್ದು ಅಲ್ಲಿ; 1905ರ ನವೆಂಬರ್ 15ರಂದು, ಆ ಇಗರ್ಜಿಯ ಪ್ರತಿಷ್ಠಾಪನೆಗೆ ನಾಲ್ಕು ದಿನ ಮೊದಲು, ಕೊಚ್ಚಿಯಲ್ಲೇ ತೀರಿಕೊಂಡರು. ಎರಡನ್ನೂ ನೋಡಿದರೆ ಒಬ್ಬನೇ ಚಿತ್ರಕಾರ ಚಾಪೆಲ್ಲಿನ ಆಪ್ತ ಅಳತೆಯಲ್ಲಿ ಹೇಗೆ ಕಥೆ ಹೇಳುತ್ತಾನೆ, ದೊಡ್ಡ ಬೆಸಿಲಿಕಾದ ಎತ್ತರಕ್ಕೆ ಅದನ್ನು ಹೇಗೆ ಹಿಗ್ಗಿಸುತ್ತಾನೆ ಎಂಬುದನ್ನು ತೂಗಿ ನೋಡಬಹುದು. ನನ್ನ ಒಲವು ಮಂಗಳೂರಿನ ಕಡೆಗೆ.

ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆತರುವ ಅಧ್ಯಾಪಕರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ನೂರು ಮಕ್ಕಳನ್ನು ಒಟ್ಟಿಗೆ ಒಳಗೆ ಬಿಟ್ಟರೆ ಯಾರಿಗೂ ಏನೂ ಕಾಣುವುದಿಲ್ಲ. ಕಾಲೇಜಿಗೆ ಮುಂಚಿತವಾಗಿ ಪತ್ರ ಬರೆದು ಸಮಯ ಗೊತ್ತುಮಾಡಿಕೊಂಡು, ಇಪ್ಪತ್ತು ಇಪ್ಪತ್ತೈದರ ತಂಡಗಳಾಗಿ ಕರೆದೊಯ್ಯಿರಿ. ಉಳಿದವರು ಆ ಹೊತ್ತಿನಲ್ಲಿ ಸಂಗ್ರಹಾಲಯವನ್ನು ನೋಡಲಿ. ಹಿಂದಿನ ದಿನ ತರಗತಿಯಲ್ಲಿ ಗೊಂಜಾಗನ ಕಥೆಯನ್ನು ಹೇಳಿ, ಹಸಿ ಸುಣ್ಣದ ಗಾರೆಯನ್ನು ಹಲಗೆಯ ಮೇಲೆ ಬಳಿದು ಅವರಿಂದಲೇ ಕುಂಚದಲ್ಲಿ ಬಣ್ಣ ಹಚ್ಚಿಸಿದರೆ ಇನ್ನೂ ಉತ್ತಮ. ಸುಣ್ಣ ಚರ್ಮವನ್ನೂ ಕಣ್ಣನ್ನೂ ಸುಡುವುದರಿಂದ ಗಾರೆಯನ್ನು ಮಾತ್ರ ದೊಡ್ಡವರೇ ಬಳಿಯಬೇಕು.